ಮಗಳಿಗೊಂದು ಪತ್ರ: ಒಂದೂ ರೇಸ್ ಗೆಲ್ಲದ ಚಾಂಪಿಯನ್

ಹಾಸನ, ಸೆಪ್ಟೆಂಬರ್ 2024

ಪುಟ್ಟಿ,

ಫೋನಿನಲ್ಲೇ ಹೇಳೋಣ ಅಂದರೆ ನಿನಗೆ ಒಂದೋ ಕ್ಲಾಸು, ಇಲ್ಲವೇ ನಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

"ಅಪ್ಪಾ, ಈ ಸಲ ಫಾರ್ಮುಲಾ 3 ಪೂರ್ತಿ ನೋಡು, ನಾನು ಇಟಲಿಯ ಮೊಡೆನಾದಲ್ಲಿ ಕೂತು ಏನು ಓದ್ತಿದೀನಿ ಅಂತ ನಿಂಗೇ ಗೊತ್ತಾಗುತ್ತೆ" ಅಂತ ಫೆಬ್ರವರಿಯಲ್ಲಿ ಹೇಳಿದ್ದೆಯಲ್ಲ. ಫಾರ್ಮುಲಾ 1ಕ್ಕೆ ಹೋಗುವ ಕನಸಿನ ಹುಡುಗರ ಕಾರ್ ರೇಸ್ ಅದು. ನೋಡಿದೆ. 10 ಊರು, 20 ರೇಸ್. ಬಹ್ರೇನ್, ಮೆಲ್ಬರ್ನ್ ಬಿಟ್ಟರೆ ಮಿಕ್ಕಿದ್ದೆಲ್ಲ ನಿಮ್ಮ ಯುರೋಪಿನಲ್ಲೇ. ಹಳೇ ಅಭ್ಯಾಸ ಬಿಡುವುದಿಲ್ಲ ನೋಡು, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಲಾಗ್‌ಶೀಟ್ ಮಾಡಿಕೊಂಡೆ. ಊರು, ಮಳೆಯೋ ಬಿಸಿಲೋ, ಗೆದ್ದವರು, ಗುದ್ದಿಕೊಂಡವರು. ಕೊನೇ ಕಾಲಂಗೇ ಜಾಗ ಸಾಲಲಿಲ್ಲ. 30 ಗಾಡಿಗಳು ಒಟ್ಟಿಗೆ ಮೊದಲ ತಿರುವಿಗೆ ನುಗ್ಗಿದರೆ ಇನ್ನೇನಾಗುತ್ತೆ!

ಆ ಗಾಡಿಗಳಿಗೆ ಪವರ್ ಸ್ಟೇರಿಂಗ್ ಇಲ್ಲ ಅಂತ ನೀನು ಹೇಳಿದಾಗ ನಾನು ನಂಬಿರಲಿಲ್ಲ. 380 ಹಾರ್ಸ್‌ಪವರ್ ಇಂಜಿನ್ ಕೂರಿಸಿ, ಸ್ಟೇರಿಂಗ್ ಮಾತ್ರ ತೋಳಿನ ಬಲದಲ್ಲೇ ತಿರುಗಿಸು ಅಂದರೆ? ನಾನು ಕೆಲಸಕ್ಕೆ ಸೇರಿದಾಗಿನ ಬಸ್ಸೂ ಹಾಗೇ ಇತ್ತು. ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟುವಷ್ಟರಲ್ಲಿ ಬಲಭುಜ ನನ್ನದೋ ಬೇರೆಯವರದೋ ಗೊತ್ತಾಗುತ್ತಿರಲಿಲ್ಲ. ಮೊನಾಕೊದಲ್ಲಿ ಕ್ಯಾಮೆರಾ ಹೆಲ್ಮೆಟ್ ಪಕ್ಕದಿಂದ ತೋರಿಸುವಾಗ ನಾನು ಆ ಹುಡುಗರ ಮಣಿಕಟ್ಟನ್ನೇ ನೋಡುತ್ತಿದ್ದೆ.

ಇನ್ನು ಇಟಲಿಯ ಮೊನ್ಜಾದ ಕ್ವಾಲಿಫೈಯಿಂಗ್, ಅಂದರೆ ರೇಸಿನಲ್ಲಿ ಯಾರು ಎಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸುವ ಓಟ. ಉದ್ದುದ್ದ ನೇರ ರಸ್ತೆ, ಮುಂದಿನವನು ಗಾಳಿ ಸೀಳಿ ಕೊಟ್ಟರೆ ಹಿಂದಿನವನಿಗೆ ಲಾಭ. ಹಾಗಾಗಿ ಮುಂದೆ ಹೋಗಲು ಯಾರಿಗೂ ಇಷ್ಟವಿಲ್ಲ. ಹೋಟೆಲಿನಲ್ಲಿ ಬಿಲ್ ಬಂದ ತಕ್ಷಣ ಎಲ್ಲರೂ ಕೈ ತೊಳೆಯಲು ಏಳುತ್ತಾರಲ್ಲ, ಹಾಗೆ.

ಶನಿವಾರದ ರೇಸಿನಲ್ಲಿ ಮೊದಲ 12 ಜನರನ್ನು ತಿರುವುಮುರುವು ನಿಲ್ಲಿಸುವುದು ಮೊದಮೊದಲು ನನಗೆ ಅನ್ಯಾಯ ಅನ್ನಿಸಿತ್ತು. ಚೆನ್ನಾಗಿ ಓಡಿಸಿದವನನ್ನು ಹಿಂದಕ್ಕೆ ಕಳಿಸುವುದೇ? ಆದರೆ ಓವರ್‌ಟೇಕ್ ಮಾಡಲು ಬರುತ್ತಾ ಇಲ್ಲವಾ ಅನ್ನುವುದು ಅಲ್ಲೇ ಗೊತ್ತಾಗುವುದು. ಭಾನುವಾರ ಗೆದ್ದರೆ 25 ಪಾಯಿಂಟ್, ಶನಿವಾರಕ್ಕೆ ಬರೀ 10. ಸರಿಯಾಗೇ ಇದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಗೆದ್ದವರ ಕಾಲಂನಲ್ಲಿ ಲಿಂಡ್‌ಬ್ಲಾಡ್ ಹೆಸರು ನಾಲ್ಕು ಸಲ ಇದೆ. ಸೀಸನ್ ಶುರುವಾದಾಗ 16 ವರ್ಷದ ಹುಡುಗ, ಬಾರ್ಸಿಲೋನಾದಲ್ಲಿ ಎರಡೂ ರೇಸ್ ಹೊಡೆದ. ಬ್ರೌನಿಂಗ್ ಹೆಸರಿದೆ, ಮಿನಿ ಹೆಸರಿದೆ. ಫೋರ್ನರೋಲಿ ಹೆಸರು ಹುಡುಕಿದೆ. ಒಂದು ಕಡೆಯೂ ಇಲ್ಲ. ನಾನೇ ಬರೆಯಲು ಮರೆತೆನೇನೋ ಅಂತ ಎರಡು ಸಲ ಎಣಿಸಿದೆ. ಆದರೆ ವರ್ಷದ ಪಾಯಿಂಟ್ ಎಲ್ಲ ಕೂಡಿಸಿದರೆ ಚಾಂಪಿಯನ್ ಅವನೇ! ನಾಲ್ಕು ಗೆದ್ದ ಲಿಂಡ್‌ಬ್ಲಾಡ್ ನಾಲ್ಕನೇ ಜಾಗದಲ್ಲಿ.

ಸೆಪ್ಟೆಂಬರ್ 1ರಂದು ಮೊನ್ಜಾದಲ್ಲಿ ಕೊನೇ ರೇಸ್. ಅಡುಗೆಮನೆಯಲ್ಲಿ ಸಾರಿನ ಒಗ್ಗರಣೆ ಸಿಡಿಯುತ್ತಿತ್ತು, ನಾನು ಮೊಬೈಲ್ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಎಲ್ಲರಿಗಿಂತ ಮುಂದೆ ಫೋರ್ನರೋಲಿಯ ಟೀಮಿನವನೇ ಆದ ಮೆಗೆಟುನಿಫ್. ಫೋರ್ನರೋಲಿ ನಾಲ್ಕನೇ ಜಾಗ, ಅವನ ಮುಂದೆ ಮ್ಯಾನ್ಸೆಲ್. ಮೂರನೆಯವನಿಗೆ 15 ಪಾಯಿಂಟ್, ನಾಲ್ಕನೆಯವನಿಗೆ 12. ಆ ಮೂರು ಪಾಯಿಂಟ್ ಇಲ್ಲದಿದ್ದರೆ ಆ ಹೊತ್ತಿಗೆ ಪ್ರಶಸ್ತಿ ಮಿನಿಯ ಕೈಗೆ. ಕೊನೇ ಲ್ಯಾಪಿನ ಕೊನೇ ತಿರುವು. ಅಲ್ಲಿ ದಾಟಿಬಿಟ್ಟ! ಇಡೀ ವರ್ಷ ಹುಷಾರಾಗಿ ಓಡಿಸಿ, ಸಿಕ್ಕಿದ್ದನ್ನು ಗಂಟು ಕಟ್ಟಿಕೊಂಡು ಬಂದವನು ಬೇಕಾದ ಒಂದೇ ಜಾಗದಲ್ಲಿ ನುಗ್ಗಿದ. ನಾನು ಕೂಗಿದ ಕೂಗಿಗೆ ನಿಮ್ಮಮ್ಮ ಸೌಟು ಹಿಡಿದೇ ಓಡಿಬಂದಳು.

ನೀನು ಎರಡನೇ ಕ್ಲಾಸಿನಲ್ಲಿದ್ದಾಗ ಅಪಘಾತ ಮಾಡದೆ ಓಡಿಸಿದ್ದಕ್ಕೆ ನನಗೆ ಬೆಳ್ಳಿ ಪದಕ ಕೊಟ್ಟಿದ್ದರು. ನೀನು ಅದನ್ನು ಕೊರಳಿಗೆ ಹಾಕಿಕೊಂಡು "ಯಾವ ರೇಸಲ್ಲಿ ಫಸ್ಟ್ ಬಂದೆ ಅಪ್ಪಾ?" ಅಂತ ಕೇಳಿದ್ದೆ. ಯಾವ ರೇಸೂ ಇಲ್ಲ ಅಂದಿದ್ದಕ್ಕೆ ನಿನಗೆ ಎಷ್ಟು ಬೇಜಾರಾಯಿತು ಅಂದರೆ, ಮಾರನೇ ದಿನ ಸ್ಕೂಲಿನಲ್ಲಿ ನಮ್ಮಪ್ಪ ಮಂಗಳೂರು ಬಸ್ಸಿಗೆ ಫಸ್ಟ್ ಅಂತ ಹೇಳಿ ಬಂದಿದ್ದೆ.

ಬೆಲ್ಜಿಯಂನ ಸ್ಪಾ ರೇಸ್ ಬಂದಾಗ ಮಾತ್ರ ಮನಸ್ಸು ಸರಿ ಇರಲಿಲ್ಲ. ಹೋದ ವರ್ಷ ಜುಲೈ 1ರಂದು ಅಲ್ಲೇ ಅಲ್ಲವಾ, ಫಾರ್ಮುಲಾ 3ಕ್ಕಿಂತ ಕೆಳಗಿನ ಫಾರ್ಮುಲಾ ರೀಜನಲ್ ರೇಸಿನಲ್ಲಿ ಡಿಲಾನೊ ವಾನ್ ಟ್ ಹಾಫ್ ಅನ್ನುವ ಹುಡುಗ ತೀರಿಹೋಗಿದ್ದು. 18 ವರ್ಷ. ಮಳೆಯಲ್ಲಿ ಮುಂದಿನ ಗಾಡಿ ಎರಚುವ ನೀರಿನ ಹಿಂದೆ ಏನೂ ಕಾಣುವುದಿಲ್ಲ. ಮಳೆಗಾಲದ ಘಾಟಿಯಲ್ಲಿ ಲಾರಿ ಹಿಂದೆ ಹೋದವನಿಗೆ ಅದು ಗೊತ್ತು. ಆದರೆ ನಮಗೆ ನಿಧಾನ ಮಾಡಬಹುದಿತ್ತು. ನೀನು ಮುಂದೆ ಇಂಜಿನಿಯರ್ ಆಗಿ ರೇಡಿಯೋದಲ್ಲಿ ಕೂತಾಗ, ಕಾಣುತ್ತಿಲ್ಲ ಅಂತ ಹುಡುಗ ಹೇಳಿದರೆ ಮೊದಲು ಅವನ ಮಾತು ನಂಬು.

ದುಡ್ಡಿನ ಲೆಕ್ಕವನ್ನೂ ಯಾರೋ ಹೇಳಿದರು. ಒಬ್ಬ ಹುಡುಗ ಒಂದು ಸೀಸನ್ ಓಡಿಸಲು 10 ಲಕ್ಷ ಯೂರೋಗೂ ಮೇಲಂತೆ. ಅಂದರೆ ಒಂಬತ್ತು ಕೋಟಿ ರೂಪಾಯಿ! ಅದಕ್ಕೆ ನಾಲ್ಕೈದು ವೋಲ್ವೋ ಬಸ್ಸೇ ಬರುತ್ತಲ್ಲೇ.

ನಮ್ಮ ಬೆಂಗಳೂರಿನ ಕುಶ್ ಮೈನಿ ಜುಲೈನಲ್ಲಿ ಹಂಗೇರಿಯಲ್ಲಿ, ಒಂದು ಮೆಟ್ಟಿಲು ಮೇಲಿನ ಫಾರ್ಮುಲಾ 2 ರೇಸ್ ಗೆದ್ದಿದ್ದೂ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿದೆ. ಮೊದಲು ಬಂದವನನ್ನು ಆಮೇಲೆ ತಪಾಸಣೆ ಮಾಡಿ ತೆಗೆದುಹಾಕಿದ್ದಕ್ಕೆ ಗೆಲುವು ಇವನಿಗೆ ಬಂತು. ಗೆದ್ದಿದ್ದು ಗೊತ್ತಾಗುವಷ್ಟರಲ್ಲಿ ಪಾಪ, ಮೊದಲ ಮೆಟ್ಟಿಲ ಮೇಲೆ ಬೇರೆಯವನು ನಿಂತು ಇಳಿದಾಗಿತ್ತು.

ಒಂದು ಅನುಮಾನ ಉಳಿದಿದೆ. ಆ ಕೊನೇ ತಿರುವಿನಲ್ಲಿ ಮ್ಯಾನ್ಸೆಲ್ ಟೈರು ಸವೆದು ಜಾಗ ಬಿಟ್ಟನೋ, ಇಲ್ಲ ಇವನೇ ಬ್ರೇಕ್ ತಡವಾಗಿ ಹಾಕಿ ನುಗ್ಗಿದನೋ? ಮೊಬೈಲಿನ ಸಣ್ಣ ಪರದೆಯಲ್ಲಿ ನನಗೆ ತಿಳಿಯಲಿಲ್ಲ. ನಿಮ್ಮ ಮೇಷ್ಟ್ರನ್ನು ಕೇಳಿ ಬರೆ. ಲಾಗ್‌ಶೀಟಿನಲ್ಲಿ ಆ ಒಂದು ಮನೆ ಖಾಲಿ ಬಿಟ್ಟಿದ್ದೇನೆ.

ನಿನ್ನ
ಅಪ್ಪ