ರೇಷನ್‌ನಲ್ಲಿ ಕುಚ್ಚಲಕ್ಕಿ ಕೊಡಿ

ಮಾನ್ಯ ಸಂಪಾದಕರೇ,

ಜೋರು ಮಳೆಯ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ನಮ್ಮ ತುಳುನಾಡಿನ ಊರೂರಲ್ಲಿ ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಎಂಬ ಕಾರ್ಯಕ್ರಮ ನಡೆಯುತ್ತದೆ. ಪತ್ರೊಡೆ, ತಜಂಕ್ ಸೊಪ್ಪಿನ ಪಲ್ಯ, ಕಣಿಲೆ (ಎಳೆ ಬಿದಿರು), ಹಲಸಿನ ಬೀಜದ ಸಾರು ಬಡಿಸುತ್ತಾರೆ. ಮಕ್ಕಳಿಗೆ ಇದೆಲ್ಲ ಗೊತ್ತಾಗಬೇಕು, ಒಳ್ಳೆಯದೇ. ಆದರೆ ಈ ಅಡುಗೆಗಳಿಗೆ ಬೆಲೆ ಬಂದದ್ದು ಮನೆಯಲ್ಲಿ ಅಕ್ಕಿ ಮುಗಿಯುತ್ತಾ ಬಂದಾಗ. ಗುಡ್ಡೆಯಿಂದ ಸೊಪ್ಪು ಕೊಯ್ದು ತಂದು ಮನೆಮಂದಿಯ ಹೊಟ್ಟೆ ತುಂಬಿಸಿದವರು ಹೆಂಗಸರು. ಆ ಕಷ್ಟ ಇನ್ನೂ ಪೂರ್ತಿ ಹೋಗಿಲ್ಲ.

ನಾನು ಕಾರ್ಕಳ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿ ನಿವೃತ್ತಳಾದವಳು. ನಮ್ಮ ನೆರೆಮನೆಯ ಅಕ್ಕ ಬೀಡಿ ಕಟ್ಟುತ್ತಾರೆ. ಗಂಡನಿಗೆ ಕೂಲಿ. ಜೋರು ಮಳೆ ಹಿಡಿದರೆ ಕೂಲಿಯೂ ಇಲ್ಲ. ಜೂನ್, ಜುಲೈಯಲ್ಲಿ ಟ್ರಾಲ್ ಬೋಟುಗಳು ಕಡಲಿಗೆ ಇಳಿಯದ ಕಾರಣ ಮೀನಿನ ಬೆಲೆಯೂ ಕೇಳುವಂತಿಲ್ಲ. ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅವರ ಮನೆಗೆ ಹೋಗಿದ್ದೆ. ಗಂಡ, ಅತ್ತೆ, ಇಬ್ಬರು ಮಕ್ಕಳದ್ದು ಊಟ ಆಗಿತ್ತು. ಅಕ್ಕ ಪಾತ್ರೆಯನ್ನು ಓರೆ ಮಾಡಿ, ತಳದ ನಾಲ್ಕು ಅಗುಳನ್ನು ಗಂಜಿ ತಿಳಿಯಲ್ಲಿ ಕದಡಿ, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ ಕಚ್ಚಿಕೊಂಡು ನಿಂತಲ್ಲೇ ಕುಡಿದರು. ಆಮೇಲೆ ಬೀಡಿ ಕಟ್ಟುವ ತಡ್ಪೆಯನ್ನು (ಮೊರವನ್ನು) ಮಡಿಲಿಗೆ ಎಳೆದುಕೊಂಡರು. ‘ಇಷ್ಟೇನಾ ಊಟ?’ ಎಂದೆ. ‘ಎಂಕ್ ಬಡವು ಇಜ್ಜಿ ಟೀಚರೇ’ ಎಂದರು. ನನಗೆ ಹಸಿವಿಲ್ಲ ಅಂತ.

ಅದೇ ಮನೆಯ ಮೂಲೆಯಲ್ಲಿ ರೇಷನ್ ಅಕ್ಕಿಯ ಗೋಣಿ ಇತ್ತು. ಅಕ್ಕಿ ಇದ್ದೂ ಯಾಕೆ ಹೀಗೆ ಅಂತ ಘಟ್ಟದ ಮೇಲಿನವರು ಕೇಳಬಹುದು. ಅದು ಬೆಳ್ತಿಗೆ, ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿ. ನಾವು ಗಂಜಿ ಉಣ್ಣುವವರು. ಬೆಳ್ತಿಗೆಯಲ್ಲಿ ಗಂಜಿ ಮಾಡಿದರೆ ಮುದ್ದೆಯಾಗುತ್ತದೆ, ಎರಡು ಗಂಟೆಯಲ್ಲಿ ಮತ್ತೆ ಹಸಿವು. ದೋಸೆಗೆ ಆಗುತ್ತದೆ, ಆದರೆ ತಿಂಗಳಿಡೀ ಮೂರು ಹೊತ್ತು ದೋಸೆ ತಿನ್ನಲು ಆಗುತ್ತದೆಯೇ? ಹಾಗಾಗಿ ಗಂಜಿಗೆ ಬೇಕಾದ, ಭತ್ತ ಬೇಯಿಸಿ ಮಾಡಿದ ಕುಚ್ಚಲಕ್ಕಿಯನ್ನು ಅಂಗಡಿಯಿಂದ ದುಡ್ಡು ಕೊಟ್ಟೇ ತರಬೇಕು. ದುಡ್ಡು ಕೊಟ್ಟು ತಂದ ಅಕ್ಕಿಯನ್ನು ಅಳೆದು ಹಾಕುತ್ತಾರೆ. ಅಳೆದು ಹಾಕಿದಾಗ ಕಡಿಮೆಯಾಗುವುದು ಕೊನೆಗೆ ಉಣ್ಣುವವಳ ಪಾಲು. ಕೆಲವರು ರೇಷನ್ ಅಕ್ಕಿಯನ್ನು ಸಿಕ್ಕಿದ ಬೆಲೆಗೆ ಕೊಟ್ಟುಬಿಡುತ್ತಾರೆ, ಕಾರ್ಡು ರದ್ದಾದೀತು ಎಂಬ ಹೆದರಿಕೆಯಲ್ಲೇ. ಅವರನ್ನು ಕಳ್ಳರಂತೆ ನೋಡುವುದು ನನಗೆ ಸರಿ ಕಾಣುವುದಿಲ್ಲ.

2013ರ ಆಹಾರ ಭದ್ರತಾ ಕಾಯ್ದೆ ರೇಷನ್ ಕಾರ್ಡಿಗೆ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿ ಮಾಡಿದೆ. 2023ರಲ್ಲಿ ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ಕೆ.ಜಿ.ಗೆ 34 ರೂ.ನಂತೆ ತಲಾ 170 ರೂಪಾಯಿ ಬರಲು ಶುರುವಾದಾಗ ನಮ್ಮ ಊರಿನ ಎಷ್ಟೋ ಹೆಂಗಸರು ಅದರಲ್ಲಿ ಕುಚ್ಚಲಕ್ಕಿ ಕೊಂಡರು. 2025ರಲ್ಲಿ ಹಣ ನಿಂತು ಅಕ್ಕಿಯೇ ಬಂತು. ಗೋಣಿ ದೊಡ್ಡದಾಯಿತು, ಗಂಜಿಯ ಪಾತ್ರೆಗೆ ಮಾತ್ರ ಏನೂ ಸೇರಲಿಲ್ಲ.

ಬಸುರಿ, ಬಾಣಂತಿಯರಿಗೆ 2017ರಿಂದ ಅಂಗನವಾಡಿಯ ‘ಮಾತೃಪೂರ್ಣ’ ಊಟ ಇದೆ. ಉಳಿದ ಹೆಂಗಸರಿಗೆ ಮನೆಯ ಪಾತ್ರೆಯೇ ಗತಿ. ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ‘ವಾಕರಿಕೆ ಬರುತ್ತದೆ’ ಎಂದು ಬಿಟ್ಟುಬಿಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಖಾಲಿ ಹೊಟ್ಟೆಗೆ ನುಂಗಿದರೆ ಬಾರದೇ ಇರುತ್ತದಾ?

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಿಗೆ ರೇಷನ್‌ನಲ್ಲಿ ಕುಚ್ಚಲಕ್ಕಿ ಎಂಬ ಮಾತು ಕೇಳುತ್ತಲೇ ವರ್ಷಗಳಾದವು. ಭತ್ತ ಇಲ್ಲೇ ಬೆಳೆಯುತ್ತದೆ, ಎಂಒ4 ನಮ್ಮ ಗದ್ದೆಗಳ ತಳಿ. ಬೇಯಿಸಿ ಕುಚ್ಚಲು ಮಾಡುವ ಮಿಲ್ಲುಗಳೂ ಇಲ್ಲೇ ಇವೆ. ಆದರೆ ಏಣೆಲು (ಮಳೆಗಾಲದ ಬೆಳೆ) ಕೊಯ್ಲು ಅಕ್ಟೋಬರ್ ಹೊತ್ತಿಗೇ ಶುರುವಾಗುತ್ತದೆ. ಸರ್ಕಾರದ ಖರೀದಿ ಕೇಂದ್ರ ತೆರೆಯುವಷ್ಟರಲ್ಲಿ ಸಣ್ಣ ರೈತರು ಭತ್ತವನ್ನು ಮಾರಿ ಆಗಿರುತ್ತದೆ. ಅವರಿಗೆ ಅಂಗಳದಲ್ಲಿ ರಾಶಿ ಹಾಕಿ ಕಾಯುವ ತಾಕತ್ತು ಎಲ್ಲಿಂದ ಬರಬೇಕು?

ಈ ಸಲ ಕೊಯ್ಲಿಗೆ ಮೊದಲೇ ರೈತರ ನೋಂದಣಿ ಮಾಡಿಸಿ, ಅಕ್ಟೋಬರ್‌ನಲ್ಲೇ ಖರೀದಿ ಶುರು ಮಾಡಿ. ರೇಷನ್‌ನ ಎಲ್ಲ ಅಕ್ಕಿಯೂ ಕುಚ್ಚಲಕ್ಕಿ ಆಗದಿದ್ದರೆ ಅರ್ಧವಾದರೂ ಆಗಲಿ. ಅದೂ ಕಷ್ಟವಾದರೆ ಜೂನ್‌ನಿಂದ ಆಗಸ್ಟ್‌ವರೆಗಿನ ಮೂರು ತಿಂಗಳಿಗಾದರೂ ಕೊಡಿ. ಎರಡೂ ಜಿಲ್ಲೆಯ ಶಾಸಕರು ಪಕ್ಷ ನೋಡದೆ ಒಟ್ಟಾಗಿ ಇದನ್ನು ಕೇಳಬೇಕು ಎಂದು ಕೈಮುಗಿದು ಬೇಡುತ್ತೇನೆ.

– ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಕಾರ್ಕಳ ತಾಲ್ಲೂಕು, ಉಡುಪಿ ಜಿಲ್ಲೆ