ಆ 299ರ ಲೆಕ್ಕ ಬಿಡಿಸಿ ಬರಿ

ಪ್ರೀತಿಯ ತಂಗೀ,

ಪೋಲೆಂಡಿನಲ್ಲಿ ಕಮ್ಯುನಿಸ್ಟ್ ಆಡಳಿತ ಕೊನೆಯಾದ ಬಗ್ಗೆ ನೀನು ಬರೆದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಓಟ ಜಾಸ್ತಿಯಾಯಿತು. ಮೊದಲ ಪುಟದಲ್ಲಿ ಮುಷ್ಕರ, ಎರಡನೆಯದರಲ್ಲಿ ಚುನಾವಣೆ, ಮೂರನೆಯದರಲ್ಲಿ ‘ಜನಶಕ್ತಿ ಗೆದ್ದಿತು’. ನಡುವೆ ಅಧಿಕಾರ ಹಂಚಿಕೊಂಡ ಕಥೆಯೇ ಮಾಯ. ನಿಜವಾದ ಸ್ವಾರಸ್ಯ ಇರುವುದೇ ಅಲ್ಲಿ ಮಾರಾಯ್ತಿ.

ನಿನಗೆ ಕೊನೆ ಗೊತ್ತು. 1989ರ ಫೆಬ್ರವರಿ 6ರಂದು ವಾರ್ಸಾದ ಆ ದೊಡ್ಡ ದುಂಡು ಮೇಜಿನ ಸುತ್ತ ಸಂಧಾನಕ್ಕೆ ಕೂತವರಿಗೆ ಗೊತ್ತಿರಲಿಲ್ಲ. ಬರ್ಲಿನ್ ಗೋಡೆ ಇನ್ನೂ ನಿಂತಿತ್ತು. ಸೋವಿಯತ್ ಸೈನ್ಯ ಪೋಲೆಂಡಿನಲ್ಲೇ ಬೀಡುಬಿಟ್ಟಿತ್ತು. ಒಂದು ಕಡೆ ಕಮ್ಯುನಿಸ್ಟ್ ಸರ್ಕಾರದ ಗೃಹಮಂತ್ರಿ ಕಿಶ್ಚಾಕ್, 1981ರ ಡಿಸೆಂಬರ್‌ನಲ್ಲಿ ಮಿಲಿಟರಿ ಆಡಳಿತ ಹೇರಿದಾಗಲೂ ಅದೇ ಕುರ್ಚಿಯಲ್ಲಿದ್ದವರು. ಇನ್ನೊಂದು ಕಡೆ ಸಾಲಿಡಾರಿಟಿ ಎಂಬ ಕಾರ್ಮಿಕ ಸಂಘಟನೆಯ ನಾಯಕ ವಲೇಸಾ, ಅವರ ಜೊತೆಗಾರರಾದ ಮಜೊವಿಯೆತ್ಸ್ಕಿ, ಮಿಹ್ನಿಕ್, ಆಗ ಒಳಗೆ ಹೋದವರು. ತಮ್ಮನ್ನು ಬಂಧಿಸಿದವರ ಜೊತೆಗೇ ಕೂತು ಸೀಟಿಗೆ ಚೌಕಾಶಿ ಮಾಡಬೇಕು. ಸಾಲದ ಹೊರೆ, ಏರುತ್ತಿದ್ದ ಬೆಲೆ, 1988ರ ಮುಷ್ಕರಗಳು ಸರ್ಕಾರವನ್ನು ಅಲ್ಲಿಗೆ ತಂದು ಕೂರಿಸಿದ್ದವು. ಆ ಕಾರಣಗಳನ್ನು ನೀನು ಬರೆದಿದ್ದೀಯ, ಅಷ್ಟು ಸಾಕು. ಮುಂದಿನದನ್ನು ಮಾತ್ರ ಇಬ್ಬರಿಗೂ ಅವತ್ತು ಗೊತ್ತಿದ್ದಷ್ಟನ್ನೇ ಇಟ್ಟುಕೊಂಡು ಬರಿ.

ಏಪ್ರಿಲ್ 5ರ ಒಪ್ಪಂದವನ್ನು ನೀನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಅದನ್ನು ಬಿಡಿಸು. ಕೆಳಮನೆಯಲ್ಲಿ 460 ಸೀಟು. 299 ಕಮ್ಯುನಿಸ್ಟ್ ಪಕ್ಷಕ್ಕೂ ಅದರ ಜೊತೆಗಾರರಿಗೂ ಮೊದಲೇ ಮೀಸಲು. ಉಳಿದ 161ಕ್ಕೆ ಮಾತ್ರ ಮುಕ್ತ ಸ್ಪರ್ಧೆ. ಹೊಸದಾಗಿ 100 ಸೀಟಿನ ಸೆನೆಟ್, ಅದು ಪೂರ್ತಿ ಮುಕ್ತ. ಅದಕ್ಕೆ ಬದಲಾಗಿ ಬಲವಾದ ಅಧಿಕಾರವಿರುವ ಅಧ್ಯಕ್ಷ ಹುದ್ದೆ, ಅದು ಪಕ್ಷದ ಮುಖ್ಯಸ್ಥ ಜನರಲ್ ಯಾರುಜೆಲ್ಸ್ಕಿಗೇ ಅಂತ ಎಲ್ಲರೂ ಅಂದುಕೊಂಡಿದ್ದರು. ಈ ಕೊಡುಕೊಳ್ಳುವಿಕೆಯ ಸೂತ್ರ ಮುಂದಿಟ್ಟದ್ದು ಸರ್ಕಾರದ ಕಡೆಯ ಯುವಕ ಕ್ವಾಶ್ನಿಯೆವ್ಸ್ಕಿ. ಕಾಗದದ ಮೇಲೆ ಪಕ್ಷ ಸೋಲುವ ದಾರಿಯೇ ಇಲ್ಲ. ಹಾಗೆ ಓದುಗನಿಗೂ ಅನ್ನಿಸಬೇಕು, ಆಮೇಲೆ ಜೂನ್ 4ರ ಚುನಾವಣೆಗೆ ಬಾ.

ಅವತ್ತು ಮತ ಹಾಕಿದ ರೀತಿ ನಿನ್ನ ಲೇಖನದಲ್ಲಿ ಇಲ್ಲವೇ ಇಲ್ಲ. ಅಲ್ಲಿ ಬೇಕಾದವರಿಗೆ ಗುರುತು ಹಾಕುವುದಲ್ಲ, ಬೇಡದವರ ಹೆಸರು ಹೊಡೆದು ಹಾಕುವುದು. ಯೋಚಿಸಿ ನೋಡು: ನಲವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದ ಮನುಷ್ಯನ ಕೈಗೆ ಪೆನ್ನು ಕೊಟ್ಟು, ಪ್ರಧಾನಿಯ ಹೆಸರಿರುವ ಚೀಟಿ ಮುಂದಿಟ್ಟು, ಬೇಡದ್ದನ್ನು ಹೊಡಿ ಅಂದರೆ ಸುಮ್ನೆ ಬಿಡುತ್ತಾನಾ? ಘಟಾನುಘಟಿಗಳಿಗಾಗಿಯೇ ಮಾಡಿದ್ದ ‘ರಾಷ್ಟ್ರೀಯ ಪಟ್ಟಿ’ಯಲ್ಲಿ 35 ಹೆಸರು, ಎದುರಾಳಿಯೇ ಇಲ್ಲ, ಅರ್ಧಕ್ಕಿಂತ ಹೆಚ್ಚು ಮತ ಬಂದರೆ ಸಾಕಿತ್ತು. 33 ಮಂದಿ ಬಿದ್ದರು. ಪ್ರಧಾನಿ ರಕೋವ್ಸ್ಕಿ, ಕಿಶ್ಚಾಕ್ ಇಬ್ಬರೂ ಬಿದ್ದರು. ಪಾಸಾದ ಇಬ್ಬರಲ್ಲಿ ಒಬ್ಬರ ಹೆಸರು ಝೆಲಿನ್ಸ್ಕಿ, ಪಟ್ಟಿಯ ಕಟ್ಟಕಡೆಯ ಹೆಸರು. ಜನ ಎಳೆದ ಉದ್ದ ಗೀಟು ಅಷ್ಟು ಕೆಳಗೆ ಮುಟ್ಟಲಿಲ್ಲ ಅನ್ನುತ್ತಾರೆ. ಇಂಥದ್ದು ಸಿಕ್ಕಾಗ ‘ಪ್ರಜಾಪ್ರಭುತ್ವದ ಅರುಣೋದಯ’ ಅಂತೆಲ್ಲ ಯಾಕೆ ಬರೀಬೇಕು ಹೇಳು.

ಎರಡು ಸುತ್ತು ಮುಗಿದಾಗ ಸಾಲಿಡಾರಿಟಿಗೆ 161ಕ್ಕೆ 161, ಸೆನೆಟ್‌ನಲ್ಲಿ 99. ಆದರೂ ಎರಡೂ ಮನೆ ಸೇರಿಸಿದರೆ ಅವರು 260, ಎದುರಿನವರು 299. ಅಂದರೆ ಗೆದ್ದವರ ಕೈಯಲ್ಲಿ ಇನ್ನೂ ಸರ್ಕಾರ ಇಲ್ಲ. ಇಲ್ಲಿ ನಿಧಾನ ಮಾಡು. ಜುಲೈ 19ರಂದು ಎರಡೂ ಮನೆ ಒಟ್ಟಿಗೆ ಮತ ಹಾಕಿ ಯಾರುಜೆಲ್ಸ್ಕಿ ಅಧ್ಯಕ್ಷರಾದರು. ಸಿಂಧು ಮತ 537, ಅವರಿಗೆ 270. ಬೇಕಿದ್ದದ್ದಕ್ಕಿಂತ ಒಂದೇ ಒಂದು ಜಾಸ್ತಿ! ಅದೂ ಸಾಲಿಡಾರಿಟಿಯ ಕೆಲವರು ಬೇಕಂತಲೇ ಮತ ಅಸಿಂಧು ಮಾಡಿದ್ದಕ್ಕೆ. ಒಪ್ಪಂದ ಮುರಿದರೆ ಮಾಸ್ಕೋ ಏನು ಮಾಡೀತೋ ಅನ್ನುವ ಭಯ ಇನ್ನೂ ಹೋಗಿರಲಿಲ್ಲ. ಗೆದ್ದ ಮೇಲೂ ಎದುರಾಳಿಯನ್ನು ಎತ್ತಿ ಕೂರಿಸಬೇಕಾದ ಆ ಮಧ್ಯಾಹ್ನ ಎರಡು ಪ್ಯಾರಾಗೆ ಅರ್ಹ.

ಇನ್ನು ನಿನ್ನ ದೊಡ್ಡ ತಪ್ಪು. ‘ಆಗಸ್ಟ್‌ನಲ್ಲಿ ಕಮ್ಯುನಿಸ್ಟರು ಅಧಿಕಾರ ಬಿಟ್ಟುಕೊಟ್ಟರು’ ಅಂತ ಬರೆದಿದ್ದೀಯ. ಬಿಟ್ಟುಕೊಡಲಿಲ್ಲ, ಲೆಕ್ಕ ಕೈಕೊಟ್ಟಿತು. ಆ 299ರಲ್ಲಿ ಪಕ್ಷದ ಸ್ವಂತ ಸೀಟು 173 ಮಾತ್ರ. ರೈತ ಪಕ್ಷದ್ದು 76, ಡೆಮಾಕ್ರಟಿಕ್ ಪಕ್ಷದ್ದು 27, ಉಳಿದದ್ದು ಸಣ್ಣ ಕ್ಯಾಥೊಲಿಕ್ ಗುಂಪುಗಳದ್ದು. ವರ್ಷಗಟ್ಟಲೆ ಹೇಳಿದ್ದಕ್ಕೆಲ್ಲ ಕೈ ಎತ್ತುತ್ತಿದ್ದ ಆ ಎರಡು ಪಕ್ಷಗಳನ್ನು ವಲೇಸಾ ತಮ್ಮ ಕಡೆ ಎಳೆದುಕೊಂಡರು. 161ಕ್ಕೆ 103 ಸೇರಿಸು, 264. ಬಹುಮತ. ಪ್ರಧಾನಿಯಾಗಲು ಹೊರಟಿದ್ದ ಕಿಶ್ಚಾಕ್ ಹಿಂದೆ ಸರಿದರು, ಆಗಸ್ಟ್ 24ರಂದು ಮಜೊವಿಯೆತ್ಸ್ಕಿ ಪ್ರಧಾನಿಯಾದರು. ಇದನ್ನು ನಮ್ಮ ಓದುಗರಿಗೆ ವಿವರಿಸುವ ಕಷ್ಟ ನಿನಗಿಲ್ಲ. ಸಮ್ಮಿಶ್ರ ಸರ್ಕಾರ ಕಂಡ ಜನ, ಸಂಖ್ಯೆ ಕೊಟ್ಟರೆ ಸಾಕು.

ಹಾಗೇ ಗೃಹ ಖಾತೆ ಯಾರಿಗೆ ಅಂತಲೂ ಅವರೇ ಮೊದಲು ಕೇಳುತ್ತಾರೆ. ಉತ್ತರ: ಕಿಶ್ಚಾಕ್‌ಗೇ. ರಕ್ಷಣೆಯೂ ಜನರಲ್ ಒಬ್ಬರ ಕೈಯಲ್ಲೇ ಉಳಿಯಿತು. ಹೊಸ ಪ್ರಧಾನಿಗೆ ಸಿಕ್ಕಿದ್ದು ಖಾಲಿ ಖಜಾನೆ, ಪೊಲೀಸು ಮತ್ತು ಸೈನ್ಯ ಹಳಬರದ್ದು.

ಈ ಹಂಚಿಕೆಯ ಬಗ್ಗೆ ಪೋಲೆಂಡಿನಲ್ಲಿ ಜಗಳ ಇವತ್ತಿಗೂ ಮುಗಿದಿಲ್ಲ. ವಾರ್ಸಾ ಹತ್ತಿರದ ಮಗ್ದಲೆಂಕಾದ ಬಂಗಲೆಯಲ್ಲಿ ಗುಟ್ಟಾಗಿ ರಾಜಿಯಾಯಿತು, ಹಳಬರು ಶಿಕ್ಷೆಯಿಲ್ಲದೆ ಪಾರಾದರು ಅಂತ ಒಂದು ಕಡೆಯವರು. ರಕ್ತ ಹರಿಯಲಿಲ್ಲ, ಅದು ಸಣ್ಣ ಮಾತಾ ಅಂತ ಇನ್ನೊಂದು ಕಡೆಯವರು. ಅದೇ ಜೂನ್ 4ರಂದು ಬೀಜಿಂಗಿನಲ್ಲಿ ಚಳವಳಿಗಾರರ ಮೇಲೆ ಸೈನ್ಯ ಗುಂಡು ಹಾರಿಸಿದ್ದನ್ನು ನೆನೆದರೆ ನಾನು ಎರಡನೆಯವರ ಕಡೆಗೇ ವಾಲುತ್ತೇನೆ. ನೀನು ವಾಲಬೇಕಿಲ್ಲ. ಆದರೆ ಮೊದಲನೆಯವರ ದೂರಿಗೆ ಜಾಗ ಕೊಡು. ಮೊದಲು ಹೊರಟ ಪೋಲೆಂಡು ಪೂರ್ತಿ ಮುಕ್ತ ಸಂಸತ್ ಚುನಾವಣೆ ಕಂಡದ್ದು 1991ರ ಅಕ್ಟೋಬರ್‌ನಲ್ಲಿ. ಹಂಗೆರಿ, ಚೆಕೊಸ್ಲೊವಾಕಿಯಾ 1990ರಲ್ಲೇ ಮುಗಿಸಿದ್ದವು. ನಿನ್ನ ಲೇಖನ 1989ಕ್ಕೇ ನಿಂತಿದೆ, 1991ರವರೆಗೆ ತಗೊಂಡು ಹೋಗು. ಬೇಕಾದರೆ ಮುಷ್ಕರದ ಪುಟವನ್ನು ಅರ್ಧಕ್ಕೆ ಇಳಿಸು.

ತಿದ್ದಿದ ಮೇಲೆ ಕಳಿಸು, ಓದುತ್ತೇನೆ.

ಇಂತು,
ನಿನ್ನ ಅಣ್ಣ