ಅಟ್ಟದಿಂದ ಇಳಿಸಿದ ಕಂಪ್ಯೂಟರ್ ಕುರಿತು ಸೋದರಳಿಯನಿಗೆ ಒಂದು ಪತ್ರ

ಮೈಸೂರು

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಅಟ್ಟದ ಮೇಲಿದ್ದ ನನ್ನ ಹಳೆಯ 486 ಕಂಪ್ಯೂಟರನ್ನೂ, ಫೋನ್ ಲೈನಿನ ಮೂಲಕ ಬೇರೆ ಕಂಪ್ಯೂಟರನ್ನು ಮಾತಾಡಿಸುವ ಅದರ ಮೋಡೆಮನ್ನೂ ಕೆಳಗಿಳಿಸಿ, ಮೋಡೆಮಿಗೆ ಅಕ್ಷರಗಳನ್ನು ಕಳಿಸಿ ಅದರ ಉತ್ತರವನ್ನು ಪರದೆಯಲ್ಲಿ ತೋರಿಸುವ ಟೆಲಿಕ್ಸ್ ಎಂಬ ಟರ್ಮಿನಲ್ ತಂತ್ರಾಂಶವನ್ನು ನಡೆಸಲು ಎರಡು ಭಾನುವಾರ ಕಳೆದೆಯೆಂದೂ, ಆದರೂ ಮೋಡೆಮ್ ಮಾತಾಡಲಿಲ್ಲವೆಂದೂ ಅಕ್ಕ ಫೋನಿನಲ್ಲಿ ಹೇಳಿದಳು. ಆ ಯಂತ್ರದ ಮುಂದೆ ನಾನು ಕಳೆದ ರಾತ್ರಿಗಳು ನಿನ್ನ ಉಪಯೋಗಕ್ಕೆ ಬರಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಇನ್ನೊಮ್ಮೆ ಸ್ವಿಚ್ ಹಾಕುವ ಮುನ್ನ ಮುಚ್ಚಳ ತೆಗೆದು, ಮದರ್‌ಬೋರ್ಡಿನ ಅಂಚಿನಲ್ಲಿರುವ ಪುಟ್ಟ ಪೀಪಾಯಿಯಂಥ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ನೋಡು. ವರ್ಷಗಟ್ಟಲೆ ಬಿಟ್ಟರೆ ಅದು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನೇ ತಿಂದುಬಿಡುತ್ತದೆ. ಹಸಿರು ಕಿಲುಬು ಕಂಡರೂ ಕಾಣದಿದ್ದರೂ ಅದನ್ನು ತೆಗೆಸಿಬಿಡು. ಬ್ಯಾಟರಿ ಹೋದ ಮೇಲೆ ಯಂತ್ರಕ್ಕೆ ಹಾರ್ಡ್ ಡಿಸ್ಕಿನ ವಿವರ ನೆನಪಿರುವುದಿಲ್ಲವಾದ್ದರಿಂದ, ಡಿಸ್ಕಿನ ಮೇಲಿನ ಚೀಟಿಯಲ್ಲಿರುವ ಸಿಲಿಂಡರ್, ಹೆಡ್ ಮತ್ತು ಸೆಕ್ಟರ್‌ಗಳ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೋ.

ಇನ್ನು ಮುಖ್ಯ ವಿಷಯ. ಕಂಪ್ಯೂಟರ್, ಕೇಬಲ್, ಮೋಡೆಮ್, ಫೋನ್ ಲೈನ್ ಈ ನಾಲ್ಕನ್ನೂ ಒಟ್ಟಿಗೆ ಜೋಡಿಸಿ ಪರೀಕ್ಷಿಸಬೇಡ. ಎಲ್ಲಿ ತಪ್ಪಿದೆಯೆಂದು ಯಾರಿಂದಲೂ ಹೇಳಲಾಗದು. ಮೊದಲು ಕಂಪ್ಯೂಟರ್ ಒಂದನ್ನೇ ನೋಡು. ಮೋಡೆಮಿನ ಕೇಬಲ್ ಸಿಕ್ಕಿಸುವ ಹಿಂಬದಿಯ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟನ್ನು ಐದು ಪಿನ್ನುಗಳ ಸಾಲು ಮೇಲಿರುವಂತೆ ಎದುರಿನಿಂದ ನೋಡಿದರೆ, ಮೇಲಿನ ಸಾಲಿನಲ್ಲಿ ಎಡದಿಂದ ಎರಡನೆಯದು ಅಕ್ಷರಗಳನ್ನು ಒಳಕ್ಕೆ ತರುವ ಪಿನ್ನು, ಮೂರನೆಯದು ಹೊರಕ್ಕೆ ಕಳಿಸುವ ಪಿನ್ನು. ಯಂತ್ರ ಆಫ್ ಇರುವಾಗ ಅವೆರಡಕ್ಕೆ ಮಾತ್ರ ತೆಳುವಾದ ತಂತಿಯನ್ನು ಸುತ್ತಿ, ಟೆಲಿಕ್ಸಿನಲ್ಲಿ 9600 ವೇಗ, ಎಂಟು ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್ ಎಂದು ಹೊಂದಿಸಿ, ಎದುರಿನ ಸಾಧನ ಸಿದ್ಧವಾಗುವವರೆಗೆ ಅಕ್ಷರಗಳನ್ನು ತಡೆದಿಡುವ ಫ್ಲೋ ಕಂಟ್ರೋಲ್ ಆಫ್ ಮಾಡಿ, ಏನಾದರೂ ಟೈಪ್ ಮಾಡು. ನೀನು ಒತ್ತಿದ ಅಕ್ಷರ ಪರದೆಯಲ್ಲಿ ಮೂಡಬೇಕು. ತಂತಿ ಬಿಚ್ಚಿದ ಮೇಲೆ ಮೂಡಬಾರದು. ಈ ಎರಡನೆಯ ಮಾತನ್ನು ಮರೆಯಬೇಡ. ಒತ್ತಿದ ಅಕ್ಷರವನ್ನು ಟೆಲಿಕ್ಸ್ ತಾನೇ ಪರದೆಗೆ ಬರೆಯುವ ಲೋಕಲ್ ಎಕೋ ಆನ್ ಇದ್ದರೆ ಪೋರ್ಟ್ ಕೆಟ್ಟಿದ್ದರೂ ಅಕ್ಷರ ಕಾಣುತ್ತದೆ. ಅದನ್ನರಿಯದೆ ನಾನು ಒಮ್ಮೆ ಪೋರ್ಟ್ ಸರಿಯಿದೆಯೆಂದು ನಂಬಿ, ಏನೂ ಆಗಿರದಿದ್ದ ಮೋಡೆಮನ್ನು ಮೂರು ವಾರ ರಿಪೇರಿಗೆ ಕೊಟ್ಟು ಕಾದಿದ್ದೆ.

ಅಕ್ಷರ ಮೂಡದಿದ್ದರೆ ಮೌಸ್ ಎಲ್ಲಿದೆ ನೋಡು. ಆ ಮೌಸ್ ಕೂಡ ಸೀರಿಯಲ್ ಪೋರ್ಟಿನದೇ. ಕಂಪ್ಯೂಟರ್ ತನ್ನ ಸೀರಿಯಲ್ ಪೋರ್ಟುಗಳನ್ನು ಕಾಮ್ 1, ಕಾಮ್ 2 ಎಂದು ಕರೆಯುತ್ತದೆ. ಮೌಸ್ ಕಾಮ್ 1ರಲ್ಲಿದ್ದರೆ ಮೋಡೆಮಿಗೆ ಕಾಮ್ 2 ಉಳಿಯುತ್ತದೆ, ಟೆಲಿಕ್ಸಿಗೂ ಅದನ್ನೇ ಹೇಳಬೇಕು.

ಇದಾದ ಮೇಲೆ ಮೋಡೆಮ್. ಅದರ ಕೇಬಲ್ ನೇರ ಜೋಡಣೆಯದಾಗಿರಬೇಕು. ಎರಡು ಕಂಪ್ಯೂಟರುಗಳ ನಡುವೆ ಹಾಕುವ ನಲ್ ಮೋಡೆಮ್ ಕೇಬಲ್ ಇಲ್ಲಿ ಕೆಲಸಕ್ಕೆ ಬಾರದು. ಮೋಡೆಮಿಗೆ ಕೊಡುವ ಆದೇಶಗಳೆಲ್ಲ ಎಟಿ (AT) ಎಂಬ ಅಕ್ಷರಗಳಿಂದ ಶುರುವಾಗುತ್ತವೆ; ಬರಿಯ ಎಟಿ ಎಂದು ಟೈಪ್ ಮಾಡಿ ಎಂಟರ್ ಒತ್ತಿದಾಗ ಓಕೆ ಎಂಬ ಉತ್ತರ ಬಂದರೆ ನಿನ್ನ ಮುಕ್ಕಾಲು ಕೆಲಸ ಮುಗಿಯಿತು. ವೇಗವನ್ನು ಏರಿಸುವ ಆತುರ ಬೇಡ. ಸೀರಿಯಲ್ ಪೋರ್ಟನ್ನು ನಡೆಸುವ ಚಿಪ್ಪುಗಳಲ್ಲಿ ಹಳೆಯ 16450 ಒಂದೊಂದೇ ಅಕ್ಷರವನ್ನು ಹಿಡಿದಿಡಬಲ್ಲದು, 16550ಎ ಚಿಪ್ಪಿಗೆ ಹದಿನಾರರಷ್ಟು ಜಾಗವಿದೆ; ನಿನ್ನ ಪೋರ್ಟಿನಲ್ಲಿ ಯಾವುದಿದೆಯೆಂದು ತಿಳಿಯುವವರೆಗೂ 9600ರಲ್ಲೇ ಇರು.

ಆಗಿನ ಸರ್ಕಾರಿ ದೂರಸಂಪರ್ಕ ಸಂಸ್ಥೆ ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದ ಮೇಲೆ ನಾವು ಪಡೆದ, ಆದೇಶಗಳನ್ನು ಟೈಪ್ ಮಾಡಿಯೇ ಬಳಸಬೇಕಾದ ಶೆಲ್ ಖಾತೆಯಲ್ಲಿ ಚಿತ್ರವಿರಲಿಲ್ಲ, ಬರಿಯ ಅಕ್ಷರಗಳು. ಅಮೆರಿಕದ ಡಯಲ್ ಟೋನಿಗೆ ಹೊಂದಿಸಿದ್ದ ಮೋಡೆಮಿಗೆ ನಮ್ಮ ಟೋನ್ ಅರ್ಥವಾಗದೆ, ಟೋನೇ ಇಲ್ಲವೆಂದು ಅದು ಹಟ ಹಿಡಿಯುತ್ತಿತ್ತು. ಟೋನಿಗೆ ಕಾಯದೆ ಡಯಲ್ ಮಾಡು ಎನ್ನುವ ಎಟಿಎಕ್ಸ್3 ಆದೇಶ ಕೊಟ್ಟ ದಿನ ಮೊದಲ ಬಾರಿಗೆ ಆ ಕಿರುಚುವ ಸದ್ದು ಕೇಳಿಸಿತು. ನಿನ್ನ ಅಜ್ಜಿ ಅಡಿಗೆಮನೆಯಿಂದ ಓಡಿಬಂದಿದ್ದರು.

ನಾವು ಮೋಡೆಮಿನಿಂದ ಡಯಲ್ ಮಾಡುತ್ತಿದ್ದ ಆ ನಂಬರುಗಳು ಈಗಿಲ್ಲ. ಆದ್ದರಿಂದ ನೀನು ಇಎಸ್‌ಪಿ8266 ಚಿಪ್ಪಿನ ವೈಫೈ ಮೋಡೆಮ್ ಒಂದನ್ನು ಕೊಳ್ಳುವುದು ಒಳ್ಳೆಯದು. ಅದು ಹಳೆಯ ಎಟಿ ಭಾಷೆಯನ್ನೇ ಆಡುತ್ತದೆ. ಎಟಿಡಿಟಿ ಎಂದು ಬರೆದು ಫೋನ್ ನಂಬರಿನ ಜಾಗದಲ್ಲಿ ಟೆಲ್ನೆಟ್ ವಿಳಾಸ, ಅಂದರೆ ಅಕ್ಷರಗಳಲ್ಲೇ ಮಾತಾಡುವ ದೂರದ ಕಂಪ್ಯೂಟರಿನ ಇಂಟರ್ನೆಟ್ ವಿಳಾಸ, ಕೊಟ್ಟರೆ ಸಾಕು. ಆದರೆ ಆ ಚಿಪ್ಪಿನದು 3.3 ವೋಲ್ಟಿನ ಲೆಕ್ಕ, ಸೀರಿಯಲ್ ಪೋರ್ಟಿನಲ್ಲಿ ಸೊನ್ನೆಯ ಅತ್ತಿತ್ತ ಹನ್ನೆರಡು ವೋಲ್ಟಿನವರೆಗೂ ಇರುತ್ತದೆ. ನಡುವೆ ಈ ವೋಲ್ಟುಗಳನ್ನು ಹೊಂದಿಸುವ ಮ್ಯಾಕ್ಸ್3232ರಂಥ ಚಿಪ್ಪಿಲ್ಲದೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತದೆ. ಒಂಬತ್ತು ಪಿನ್ನಿನ ಕನೆಕ್ಟರಿನೊಡನೆ ಸಿದ್ಧವಾಗಿ ಸಿಗುವುದನ್ನೇ ಕೊಂಡುಕೋ, ಹಣ ನಾನು ಕಳಿಸುತ್ತೇನೆ.

ಹಳೆಯ ಮೋಡೆಮಿನ ಹಿಂದಿರುವ ಪುಟ್ಟ ಬಿಳಿ ಸ್ವಿಚ್ಚುಗಳನ್ನು ಮಾತ್ರ ಸದ್ಯಕ್ಕೆ ಮುಟ್ಟಬೇಡ. ಅವು ಹೇಗಿರಬೇಕೆಂಬ ಚಿತ್ರ ನನ್ನ ನೋಟ್ ಬುಕ್ಕಿನಲ್ಲಿದೆ. ದೀಪಾವಳಿಗೆ ಬರುವಾಗ ತರುತ್ತೇನೆ. ಅಕ್ಕನಿಗೂ ಭಾವನವರಿಗೂ ನನ್ನ ನಮಸ್ಕಾರಗಳನ್ನು ತಿಳಿಸು.

ಇತಿ,
ನಿನ್ನ ಸೋದರಮಾವ